ಹಳೆಯ ರೆಕಾರ್ಡ್ ಸಂಗ್ರಹ ಮಾರಬೇಕೇ? ಮೊದಲು ಬೆಳಕಿಗೆ ಹಿಡಿದು ನೋಡಿ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಕೋಣೆಯಲ್ಲಿ 400ಕ್ಕೂ ಹೆಚ್ಚು ಗ್ರಾಮಫೋನ್ ರೆಕಾರ್ಡ್‌ಗಳು ಉಳಿದವು. ಅವನ್ನು ಏನು ಮಾಡಬೇಕು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆ ರೆಕಾರ್ಡ್ ಕೊಳ್ಳುವ ವ್ಯಾಪಾರಿಯೊಬ್ಬರು ಬಂದರು. ಹತ್ತು ನಿಮಿಷ ಕಪಾಟಿನ ಮೇಲೆ ಕಣ್ಣಾಡಿಸಿದರು. ಎಲ್ಲಾ ಸೇರಿಸಿ ಒಂದು ಬೆಲೆ ಹೇಳಿದರು. ಚಿಕ್ಕಮ್ಮನಿಗೆ ಯಾಕೋ ಆ ದಿನ ಮನಸ್ಸು ಬರಲಿಲ್ಲ. "ಇನ್ನೊಂದಿಷ್ಟು ದಿನ ಇರಲಿ ಬಿಡು" ಅಂದರು. ಆಮೇಲೆ ಎರಡು ತಿಂಗಳು, ಸಂಜೆ ಹೊತ್ತು ಕೂತು, ನಾನು ಒಂದೊಂದೇ ರೆಕಾರ್ಡ್ ತೆಗೆದು ನೋಡಿದೆ. ಕೊನೆಗೆ ಲೆಕ್ಕ ಹಾಕಿದರೆ, ಆ ವ್ಯಾಪಾರಿ ಇಡೀ ಕಪಾಟಿಗೆ ಹೇಳಿದ್ದ ಮೊತ್ತ ಬರೀ 14 ರೆಕಾರ್ಡ್‌ಗಳಿಂದಲೇ ಬಂದಿತ್ತು.

ಅವರು ಮೋಸ ಮಾಡಲು ಬಂದಿದ್ದರು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಏನಿದೆ ಅಂತ ನಮಗೇ ಗೊತ್ತಿರಲಿಲ್ಲ, ಅಷ್ಟೇ. ಸಂಗ್ರಹ ಯಾರದ್ದೇ ಆಗಲಿ, ಅದರ ಬೆಲೆಯಲ್ಲಿ ದೊಡ್ಡ ಪಾಲು ಬೆರಳೆಣಿಕೆಯಷ್ಟು ರೆಕಾರ್ಡ್‌ಗಳಲ್ಲಿ ಅಡಗಿರುತ್ತದೆ. ಅವು ಯಾವುವು ಅಂತ ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲ ದಿನ ಏನು ಮಾಡಬಾರದು

ಒರೆಸಬೇಡಿ. ಎಸೆಯಬೇಡಿ. ಕವರಿನ ಮೇಲಿನ ಯಾವ ಚೀಟಿಯನ್ನೂ ಕೀಳಬೇಡಿ.

ಚೀಟಿಯ ಮಾತು ಸಣ್ಣದು ಅನ್ನಿಸಬಹುದು. 1966ರಲ್ಲಿ ಅಮೆರಿಕದಲ್ಲಿ ಬೀಟಲ್ಸ್ ತಂಡದ ಒಂದು ಆಲ್ಬಂ ಬಂತು. ಅದರ ಕವರಿನಲ್ಲಿ ಆ ನಾಲ್ವರು ಕಟುಕರ ಬಿಳಿ ಕೋಟು ಹಾಕಿಕೊಂಡು, ಮಾಂಸದ ತುಂಡುಗಳು ಮತ್ತು ಮುರಿದ ಗೊಂಬೆಗಳ ನಡುವೆ ಕೂತಿದ್ದರು. ಜನ ಗಲಾಟೆ ಮಾಡಿದ ಮೇಲೆ ಕಂಪನಿ ಕವರುಗಳನ್ನು ವಾಪಸ್ ತರಿಸಿಕೊಂಡು, ಹಲವು ಕವರುಗಳ ಮೇಲೆ ಬೇರೆ ಚಿತ್ರದ ಹಾಳೆ ಅಂಟಿಸಿ ಮತ್ತೆ ಅಂಗಡಿಗೆ ಕಳಿಸಿತು. ಈಗ ಸಂಗ್ರಹಕಾರರು ಆ ಕವರನ್ನು ಮೂರು ಬಗೆಯಾಗಿ ನೋಡುತ್ತಾರೆ. ಏನೂ ಅಂಟಿಸದೇ ಉಳಿದದ್ದು, ಮೇಲೆ ಹಾಳೆ ಅಂಟಿಸಿದ್ದು, ಅಂಟಿಸಿದ್ದನ್ನು ಕಿತ್ತದ್ದು. ಗೊತ್ತಿಲ್ಲದೆ ಹಾಳೆ ಕೀಳಲು ಹೋದವರು ಒಳಗಿನ ಚಿತ್ರವನ್ನೂ ಹರಿದು ಎರಡನ್ನೂ ಕಳೆದುಕೊಂಡಿದ್ದಾರೆ. ನಿಮ್ಮ ಕಪಾಟಿನಲ್ಲಿ ಅಂಥದ್ದು ಇಲ್ಲದೇ ಇರಬಹುದು. ಆದರೆ ಬಿಡುಗಡೆಯ ಸಮಯದಲ್ಲಿ ಕಂಪನಿಯೇ ಹಚ್ಚಿದ ಸಣ್ಣ ಸ್ಟಿಕ್ಕರ್‌ಗೂ ಬೆಲೆ ಕೊಡುವವರು ಇದ್ದಾರೆ.

ಕವರಿನ ಒಳಗೆ ಕೈ ಹಾಕಿ ನೋಡಿ. ಪೋಸ್ಟರ್, ಹಾಡಿನ ಸಾಹಿತ್ಯ ಇರುವ ಹಾಳೆ, ಫೋಟೋ, ಪುಸ್ತಿಕೆ ಸಿಗುತ್ತವೆ. ಅವು ಯಾವ ಕವರಿನಲ್ಲಿ ಇದ್ದವೋ ಅದರಲ್ಲೇ ಇರಲಿ. ಒಂದು ಹಾಳೆ ಇಲ್ಲದ ಆಲ್ಬಂ ಅರೆಬರೆ ಆಲ್ಬಂ ಅಂತಲೇ ಲೆಕ್ಕ.

ಜಾಗ ಬದಲಿಸಬೇಕಾದರೆ ಸಣ್ಣ ಪೆಟ್ಟಿಗೆ ತಗೊಳ್ಳಿ. 100 ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ದೊಡ್ಡ ರೆಕಾರ್ಡ್‌ಗಳು, ಸುಮಾರು 25 ಕಿಲೋ ತೂಗುತ್ತವೆ. ದೊಡ್ಡ ಪೆಟ್ಟಿಗೆ ತುಂಬಿಸಿದರೆ ಅದರ ತಳ ಕಿತ್ತು ಬರುತ್ತದೆ, ಇಲ್ಲಾ ನಿಮ್ಮ ಸೊಂಟ ಹಿಡಿಯುತ್ತದೆ. ಪೆಟ್ಟಿಗೆಗೆ 50ರಂತೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಭಾರಕ್ಕೆ ಹಾಳಾಗುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಒಂದು ಗಂಟೆಯೂ ಬಿಡಬೇಡಿ. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಸೊಟ್ಟಗಾದ ರೆಕಾರ್ಡ್ ಸರಿಹೋಗುವುದು ಅಪರೂಪ.

ಇನ್ನೊಂದು ಮಾತು. ಮನೆಯವರನ್ನೆಲ್ಲ ಒಮ್ಮೆ ಕೇಳಿಬಿಡಿ. ಯಾರಿಗೆ ಯಾವುದು ಬೇಕೋ ಅದನ್ನು ಮೊದಲೇ ತೆಗೆದಿಡಲಿ. ಮಾರಿದ ಮೇಲೆ "ಅಯ್ಯೋ, ಅದನ್ನೂ ಕೊಟ್ಟುಬಿಟ್ಯಾ?" ಅನ್ನಿಸಿಕೊಳ್ಳುವುದು ತುಂಬಾ ನೋವಿನ ವಿಷಯ.

ಮೂರು ಗುಡ್ಡೆ ಮಾಡಿ

ಮೊದಲ ವಿಂಗಡಣೆ ಅಳತೆ ಮತ್ತು ವೇಗದ ಪ್ರಕಾರ. ರೆಕಾರ್ಡ್ ನಡುವಿನ ಲೇಬಲ್ ಮೇಲೆ 78, 33⅓ ಅಥವಾ 45 ಅಂತ ಬರೆದಿರುತ್ತದೆ. ಒಂದು ನಿಮಿಷಕ್ಕೆ ಅದು ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ ಅದು.

78ರ ತಟ್ಟೆಗಳು ಎಲ್ಲಕ್ಕಿಂತ ಹಳೆಯವು. ಇವು ಅರಗಿನಿಂದ ಮಾಡಿದವು. ಕೈಗೆ ಭಾರ, ಬಿದ್ದರೆ ಗಾಜಿನಂತೆ ಒಡೆಯುತ್ತವೆ. ಹತ್ತು ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ವೇಗದ ಎಲ್‌ಪಿ ತಂದಿತು. ಅದು ವಿನೈಲ್ ಪ್ಲಾಸ್ಟಿಕ್ಕಿನದು, ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿ ಓಡುತ್ತದೆ. ಮರುವರ್ಷ, 1949ರಲ್ಲಿ, ಆರ್‌ಸಿಎ ವಿಕ್ಟರ್ ಏಳು ಇಂಚಿನ 45 ಬಿಡುಗಡೆ ಮಾಡಿತು. ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಇಷ್ಟು ನೆನಪಿದ್ದರೆ ಕೈಯಲ್ಲಿರುವ ತಟ್ಟೆ ಯಾವ ಕಾಲದ್ದು ಅಂತ ಅಂದಾಜಿಗೆ ಸಿಗುತ್ತದೆ.

ಒಂದು ಎಚ್ಚರಿಕೆ. 78ರ ತಟ್ಟೆಯಲ್ಲಿ ಸೂಜಿ ಓಡುವ ಗೆರೆ ಅಗಲ. ಎಲ್‌ಪಿಗೆ ಬಳಸುವ ಸೂಜಿಯನ್ನು ಅದರ ಮೇಲೆ ಇಡಬಾರದು. ಅದಕ್ಕೆ ಬೇರೆಯೇ ಸೂಜಿ ಬೇಕು.

ಬೂಷ್ಟು ಹಿಡಿದದ್ದು, ನೀರು ಕುಡಿದು ಕವರ್ ಅಂಟಿಕೊಂಡದ್ದು ಕಂಡರೆ ಆವತ್ತೇ ಬೇರೆ ಕಡೆ ಇಡಿ. ಬೂಷ್ಟು ಪಕ್ಕದ ಕವರಿಗೂ ಹಬ್ಬುತ್ತದೆ.

ಇದು ಯಾವ ಸಲದ ಪ್ರೆಸ್ಸಿಂಗ್?

ಒಂದೇ ಆಲ್ಬಂ ಹತ್ತಾರು ವರ್ಷ, ಹತ್ತಾರು ದೇಶಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿರುತ್ತದೆ. ಹಾಗೆ ಒಂದೊಂದು ಸಲ ಅಚ್ಚಾದದ್ದಕ್ಕೆ ಪ್ರೆಸ್ಸಿಂಗ್ ಅನ್ನುತ್ತಾರೆ. ಹಾಡು ಅದೇ, ಚಿತ್ರ ಅದೇ. ಆದರೂ ಮೊದಲ ಸಲ ಅಚ್ಚಾದ ಪ್ರತಿಗೂ ಇಪ್ಪತ್ತು ವರ್ಷದ ನಂತರದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಹೊಸಬರು ಎಡವುವುದು ಇಲ್ಲೇ. ಕವರಿನ ಹಿಂದೆ 1965 ಅಂತ ಇದ್ದರೆ ಆ ರೆಕಾರ್ಡ್ 1965ರದ್ದೇ ಅಂದುಕೊಳ್ಳುತ್ತಾರೆ. ಅದು ಹಾಡು ಮೊದಲು ಬಿಡುಗಡೆಯಾದ ವರ್ಷ. ನಿಮ್ಮ ಕೈಯಲ್ಲಿರುವ ತಟ್ಟೆ ಯಾವಾಗ ಅಚ್ಚಾಯಿತು ಅಂತ ಅದು ಹೇಳುವುದಿಲ್ಲ. ಅದೇ ಕವರಿನ ಮೇಲೆ ಬಾರ್‌ಕೋಡ್ ಕೂಡ ಇದೆಯಾ? ಹಾಗಿದ್ದರೆ ಆ ಕವರ್ 1970ರ ದಶಕದ ಕೊನೆಗಿಂತ ಮುಂಚಿನದಾಗಿರಲು ಸಾಧ್ಯವೇ ಇಲ್ಲ.

ಸರಿಯಾದ ಗುರುತು ಸಿಗುವುದು ತಟ್ಟೆಯ ಮೇಲೆ. ಕೊನೆಯ ಹಾಡು ಮುಗಿದ ಮೇಲೆ, ಲೇಬಲ್‌ಗೆ ಮುಂಚೆ, ಬೆರಳಗಲದ ಒಂದು ನುಣುಪು ಜಾಗ ಇರುತ್ತದೆ. ತಟ್ಟೆಯನ್ನು ಅಂಚು ಮತ್ತು ಲೇಬಲ್ ಮಾತ್ರ ತಾಗುವ ಹಾಗೆ ಹಿಡಿದು, ಟೇಬಲ್ ದೀಪದ ಕೆಳಗೆ ನಿಧಾನವಾಗಿ ತಿರುಗಿಸಿ. ಮೊದಲು ಏನೂ ಕಾಣಿಸದು. ಒಂದು ಕೋನಕ್ಕೆ ಬಂದ ತಕ್ಷಣ ಸಣ್ಣ ಸಣ್ಣ ಅಂಕಿ, ಅಕ್ಷರಗಳು ಹೊಳೆದು ಎದ್ದು ಬರುತ್ತವೆ. ಕೆಲವು ಯಂತ್ರದಿಂದ ಒತ್ತಿದವು, ಕೆಲವು ಯಾರೋ ಕೈಯಲ್ಲಿ ಕೊರೆದವು. ಇದಕ್ಕೆ ಮ್ಯಾಟ್ರಿಕ್ಸ್ ನಂಬರ್ ಅನ್ನುತ್ತಾರೆ. ಎರಡೂ ಬದಿಯದನ್ನು ಇದ್ದ ಹಾಗೇ ಬರೆದುಕೊಳ್ಳಿ. ಅಡ್ಡಗೆರೆ, ಚುಕ್ಕೆ ಯಾವುದನ್ನೂ ಬಿಡಬೇಡಿ.

ಈ ಗುರುತುಗಳನ್ನು ಓದುವುದು ನನಗಂತೂ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಬ್ರಿಟನ್ನಿನ ಇಎಂಐ ಕಂಪನಿಯ ಹಳೆಯ ತಟ್ಟೆಗಳನ್ನೇ ತಗೊಳ್ಳಿ. ಮ್ಯಾಟ್ರಿಕ್ಸ್ ನಂಬರ್ ಗಡಿಯಾರದ ಆರರ ಜಾಗದಲ್ಲಿ ಬರುವ ಹಾಗೆ ಹಿಡಿದರೆ, ಮೂರರ ಜಾಗದಲ್ಲಿ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಇರುತ್ತದೆ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಹತ್ತು ಅಕ್ಷರ ತೆಗೆದು ಅವರು ಅಂಕಿಯ ಬದಲು ಬಳಸುತ್ತಿದ್ದರು. ಜಿ ಅಂದರೆ 1, ಆರ್ ಅಂದರೆ 2, ಎ ಅಂದರೆ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. ತಟ್ಟೆಯನ್ನು ಒತ್ತಿದ ಲೋಹದ ಅಚ್ಚು ಎಷ್ಟನೆಯದು ಅಂತ ಆ ಅಕ್ಷರ ಹೇಳುತ್ತದೆ. ಒಂಟಿ ಜಿ ಕಂಡರೆ ಅದು ಮೊದಲನೇ ಅಚ್ಚು.

ಜಾಝ್ ಕೊಳ್ಳುವವರು ಬ್ಲೂ ನೋಟ್ ಕಂಪನಿಯ ತಟ್ಟೆಯಲ್ಲಿ ಮೊದಲು ನೋಡುವುದು ಕಿವಿಯ ಆಕಾರದ ಒಂದು ಸಣ್ಣ ಗುರುತನ್ನು. ಅದು ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆಯ ಪಿ ಅಕ್ಷರ. 1965-66ರ ಹೊತ್ತಿಗೆ ಕಂಪನಿ ಕೈ ಬದಲಾದ ಮೇಲೆ ಹೊಸದಾಗಿ ಅಚ್ಚಾದ ತಟ್ಟೆಗಳಲ್ಲಿ ಆ ಕಿವಿ ಇಲ್ಲ. ಧ್ವನಿಮುದ್ರಣ ಮಾಡಿದ ರೂಡಿ ವ್ಯಾನ್ ಗೆಲ್ಡರ್ ಅವರ ಹೆಸರಿನ ಮುದ್ರೆಯೂ ಅದೇ ನುಣುಪು ಜಾಗದಲ್ಲಿ ಇರುತ್ತದೆ. ಇಷ್ಟು ಸಣ್ಣ ಗುರುತು ಇರುವುದಕ್ಕೂ ಇಲ್ಲದಿರುವುದಕ್ಕೂ ಬೆಲೆ ಹಲವು ಪಟ್ಟು ಏರುಪೇರಾಗುತ್ತದೆ.

ಬರೆದುಕೊಂಡ ನಂಬರನ್ನು ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಹುಡುಕಿ. 2000ದಲ್ಲಿ ಶುರುವಾದ ಈ ತಾಣದಲ್ಲಿ ಪ್ರತಿ ಪ್ರೆಸ್ಸಿಂಗ್‌ಗೂ ಬೇರೆ ಬೇರೆ ಪುಟ ಇದೆ. ಕವರಿನ ಬೆನ್ನಿನ ಮೇಲಿರುವ ಕ್ಯಾಟಲಾಗ್ ನಂಬರ್, ಲೇಬಲ್‌ನ ಬಣ್ಣ, ಲೇಬಲ್ ಮೇಲಿನ ವಿಳಾಸ, ಮ್ಯಾಟ್ರಿಕ್ಸ್ ನಂಬರ್ ಎಲ್ಲವೂ ಹೊಂದಿದರೆ ಮಾತ್ರ ಅದು ನಿಮ್ಮ ರೆಕಾರ್ಡ್. ಮುಖಚಿತ್ರ ಒಂದೇ ಇದೆ ಅಂತ ಮೊದಲು ಸಿಕ್ಕ ಪುಟವನ್ನೇ ನಂಬಬೇಡಿ.

400 ರೆಕಾರ್ಡ್‌ಗೂ ಹೀಗೆ ಮಾಡಬೇಕಾ? ಬೇಕಿಲ್ಲ. ಹೆಸರು ಹಾಕಿ ನೋಡಿದಾಗ ಯಾವ ಪ್ರೆಸ್ಸಿಂಗ್‌ಗೂ ಒಳ್ಳೆಯ ಬೆಲೆ ಇಲ್ಲ ಅಂತ ಕಂಡರೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಿ. ಯಾವುದೋ ಒಂದು ಪ್ರೆಸ್ಸಿಂಗ್‌ಗಾದರೂ ಜಾಸ್ತಿ ಬೆಲೆ ಕಂಡರೆ ಆಗ ದೀಪ ಹಚ್ಚಿ.

ಗ್ರೇಡ್ ಹಾಕುವುದು

ಬೆಲೆಯನ್ನು ಪ್ರೆಸ್ಸಿಂಗ್ ಎಷ್ಟು ತೀರ್ಮಾನಿಸುತ್ತದೋ ಸ್ಥಿತಿಯೂ ಅಷ್ಟೇ ತೀರ್ಮಾನಿಸುತ್ತದೆ. ಹೆಚ್ಚಿನವರು ಬಳಸುವುದು ಗೋಲ್ಡ್‌ಮೈನ್ ಎಂಬ ಅಮೆರಿಕದ ಪತ್ರಿಕೆಯ ಅಳತೆಗೋಲು. ಮೇಲಿನಿಂದ ಕೆಳಕ್ಕೆ ಹೇಳಿದರೆ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಕೊನೆಗೆ ಪೂರ್. ಈ ಹೆಸರುಗಳು ದಾರಿ ತಪ್ಪಿಸುತ್ತವೆ. ಗುಡ್ ಅಂದರೆ ಒಳ್ಳೆಯದು ಅಂತ ಅಲ್ಲ. ಹಾಡು ಪೂರ್ತಿ ಓಡುತ್ತದೆ, ಆದರೆ ಚಟಪಟ ಸದ್ದು ಉದ್ದಕ್ಕೂ ಇರುತ್ತದೆ ಅಂತ ಅರ್ಥ. ಬೆಲೆಯೂ ಹಾಗೇ ಇಳಿಯುತ್ತದೆ. ನಿಯರ್ ಮಿಂಟ್‌ಗೆ 100 ಅಂದರೆ, ವೆರಿ ಗುಡ್ ಪ್ಲಸ್‌ಗೆ ಸುಮಾರು 50, ವೆರಿ ಗುಡ್‌ಗೆ 25, ಗುಡ್‌ಗೆ 10ರಿಂದ 15. ಒಂದು ಮೆಟ್ಟಿಲು ಇಳಿದರೆ ಅರ್ಧ ಹೋಯಿತು. ಮಿಂಟ್ ಅಂತ ಬರೆಯುವ ಗೋಜಿಗೇ ಹೋಗಬೇಡಿ. ಯಾರೂ ಒಮ್ಮೆಯೂ ಹಾಡಿಸದ ರೆಕಾರ್ಡ್‌ಗೆ ಮಾತ್ರ ಆ ಮಾತು ಸಲ್ಲುತ್ತದೆ.

ನಾನು ಮೊದಲು ಮಾರಿದ ರೆಕಾರ್ಡ್‌ಗಳಲ್ಲಿ ಒಂದನ್ನು ನಿಯರ್ ಮಿಂಟ್ ಅಂತ ಹಾಕಿದ್ದೆ. ಕೋಣೆಯ ಹಳದಿ ಬಲ್ಬಿನಲ್ಲಿ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊಂಡವರು ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ತೆಗೆದ ಫೋಟೋ ಕಳಿಸಿದರು. ತಟ್ಟೆಯ ತುಂಬಾ ಕೂದಲೆಳೆಯಂಥ ಗೀರುಗಳು, ಜೇಡರ ಬಲೆ ಹಾಸಿದ ಹಾಗೆ. ನನಗೆ ತುಂಬಾ ಬೇಜಾರಾಯಿತು. ಹಣ ವಾಪಸ್ ಕೊಟ್ಟೆ, ಕಳಿಸಿದ ಖರ್ಚನ್ನೂ ಕೊಟ್ಟೆ. ಆ ರಾತ್ರಿ ಕೂತು ಅಷ್ಟೂ ರೆಕಾರ್ಡ್‌ಗಳನ್ನು ಬಿಳಿ ಎಲ್‌ಇಡಿ ದೀಪದ ಕೆಳಗೆ ಮತ್ತೆ ನೋಡಿದೆ. ಮೂರರಲ್ಲಿ ಒಂದರ ಗ್ರೇಡ್ ಇಳಿಸಬೇಕಾಯಿತು.

ಹೀಗಾಗಿ ಬೆಳಕು ಬಿಳಿಯದಾಗಿರಲಿ, ಜೋರಾಗಿರಲಿ, ಒಂದೇ ಕಡೆಯಿಂದ ಬೀಳಲಿ. ತಟ್ಟೆಯನ್ನು ಓರೆ ಮಾಡಿ ತಿರುಗಿಸಿ. ಗೀರು ಕಂಡರೆ ಬೆರಳ ತುದಿಯನ್ನು ಅದರ ಮೇಲೆ ತುಂಬಾ ಹಗುರವಾಗಿ ಆಡಿಸಿ. ಕಣ್ಣಿಗೆ ಕಂಡು ಬೆರಳಿಗೆ ಸಿಗದ ಗೀರು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಬೆರಳಿಗೆ ತಡೆದರೆ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ. ಗೆರೆಯ ಉದ್ದಕ್ಕೆ ಹೋಗುವ ಗೀರು ಅಡ್ಡಗೀರಿಗಿಂತ ಕೆಟ್ಟದ್ದು. ಸೂಜಿ ಅದರಲ್ಲಿ ಸಿಕ್ಕಿಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ.

ಲೇಬಲ್‌ನ ನಡುವಿನ ತೂತನ್ನೂ ನೋಡಿ. ತಟ್ಟೆ ಹಾಕುವಾಗ ತೂತು ಸಿಗದೆ ಹಾಡಿಸುವ ಯಂತ್ರದ ನಡುವಿನ ಕಡ್ಡಿ ಅಲ್ಲಿ ಇಲ್ಲಿ ಉಜ್ಜಿದರೆ ಸಣ್ಣ ಬೆಳ್ಳಿಗೆರೆಗಳು ಉಳಿಯುತ್ತವೆ. ಅವು ಜಾಸ್ತಿ ಇದ್ದರೆ ಆ ರೆಕಾರ್ಡ್ ಬಹಳ ಸಲ ಓಡಿದೆ ಅಂತ ಅರ್ಥ. ತಟ್ಟೆ ಹೊಳೆಯುತ್ತಿದ್ದರೂ ಗೆರೆ ಒಳಗೆ ಸವೆದಿರಬಹುದು. ಸವೆದಿದೆಯೋ ಇಲ್ಲವೋ ಅಂತ ಕಣ್ಣಿನಿಂದ ಹೇಳಲಾಗದು, ಕೇಳಿಯೇ ತಿಳಿಯಬೇಕು. ಬೆಲೆಯುಳ್ಳವನ್ನು ಒಮ್ಮೆ ಪೂರ್ತಿ ಹಾಡಿಸಿ. ಬದಿಯ ಕೊನೆಯ ಹಾಡಿಗೆ ವಿಶೇಷವಾಗಿ ಕಿವಿಗೊಡಿ. ಸವೆದ ತಟ್ಟೆಯಲ್ಲಿ ದನಿ ಒಡೆದು ಕರ್ಕಶವಾಗುವುದು ಮೊದಲು ಅಲ್ಲೇ ಗೊತ್ತಾಗುತ್ತದೆ. ತಟ್ಟೆ ಸುತ್ತುವಾಗ ಪಕ್ಕದಿಂದ ನೋಡಿದರೆ ಸೊಟ್ಟವೂ ಕಾಣುತ್ತದೆ.

ಕವರಿಗೆ ಬೇರೆ ಗ್ರೇಡ್ ಹಾಕಬೇಕು. ಮೂರು ಅಂಚುಗಳಲ್ಲಿ ಎಲ್ಲಾದರೂ ಸೀಳಿದೆಯಾ, ಬೆನ್ನಿನ ಮೇಲಿನ ಹೆಸರು ಓದಲು ಬರುತ್ತದಾ, ಮೂಲೆ ಮಡಿಚಿದೆಯಾ ನೋಡಿ. ಒತ್ತಿ ಒತ್ತಿ ಇಟ್ಟಿದ್ದರೆ ಒಳಗಿನ ತಟ್ಟೆಯ ದುಂಡು ಗುರುತು ಚಿತ್ರದ ಮೇಲೆ ಮೂಡಿರುತ್ತದೆ. ಪೆನ್ನಿನಲ್ಲಿ ಬರೆದ ಹೆಸರು, ಮೊಹರು ಎಲ್ಲವನ್ನೂ ಹೇಳಲೇಬೇಕು. ಯಾವುದೋ ಒಂದು ಗ್ರೇಡ್ ಹಾಕಲು ಅನುಮಾನ ಬಂದರೆ ಕೆಳಗಿನದನ್ನೇ ಹಾಕಿ. ಹೇಳಿದ್ದಕ್ಕಿಂತ ಚೆನ್ನಾಗಿರುವ ರೆಕಾರ್ಡ್ ಕೈಗೆ ಬಂದವರು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ.

ಒರೆಸುವುದು

ಈಗ ಒರೆಸಬಹುದು, ಅದೂ ಬೆಲೆ ಬರುವಂಥವನ್ನು ಮಾತ್ರ. ವಿನೈಲ್ ತಟ್ಟೆಗೆ ಡಿಸ್ಟಿಲ್ಡ್ ವಾಟರ್ ಮತ್ತು ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಸಾಕು. ಗೆರೆ ಹೋದ ದಿಕ್ಕಿನಲ್ಲೇ, ಸುತ್ತಾಗಿ ಒರೆಸಿ. ಲೇಬಲ್ ಒದ್ದೆಯಾಗಬಾರದು. ನಲ್ಲಿ ನೀರು ಒಣಗಿದ ಮೇಲೆ ಅದರ ಉಪ್ಪು ಗೆರೆಯೊಳಗೆ ಕೂರುತ್ತದೆ, ಅದು ಬೇಡ. 78ರ ಅರಗಿನ ತಟ್ಟೆಗೆ ಸ್ಪಿರಿಟ್ ಇರುವ ಯಾವ ದ್ರವವನ್ನೂ ತಾಗಿಸಬೇಡಿ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಹರಿದ ಕವರಿಗೆ ಟೇಪ್ ಹಚ್ಚುವ ಆಸೆಯನ್ನೂ ಬಿಟ್ಟುಬಿಡಿ, ಹರಿದದ್ದಕ್ಕಿಂತ ಟೇಪ್ ಹಚ್ಚಿದ್ದಕ್ಕೇ ಕಡಿಮೆ ಬೆಲೆ.

ಬೆಲೆ ಕಟ್ಟುವುದು

ಯಾರೋ ಏನೋ ಕೇಳುತ್ತಿದ್ದಾರೆ ಅನ್ನುವುದು ಬೆಲೆ ಅಲ್ಲ. ಯಾರೋ ಅಷ್ಟು ಕೊಟ್ಟರು ಅನ್ನುವುದು ಬೆಲೆ. ಡಿಸ್ಕಾಗ್ಸ್‌ನ ಪ್ರತಿ ಪ್ರೆಸ್ಸಿಂಗ್ ಪುಟದಲ್ಲಿ ಈ ಹಿಂದೆ ಮಾರಾಟವಾದ ಕನಿಷ್ಠ, ನಡುವಿನ ಮತ್ತು ಗರಿಷ್ಠ ಬೆಲೆ ಇರುತ್ತದೆ. ನಡುವಿನದನ್ನು ಹಿಡಿದು, ನಿಮ್ಮ ಪ್ರತಿಯ ಗ್ರೇಡಿಗೆ ತಕ್ಕ ಹಾಗೆ ಮೇಲೆ ಕೆಳಗೆ ಮಾಡಿ. ಎಷ್ಟು ಜನರ ಹತ್ತಿರ ಇದೆ, ಎಷ್ಟು ಜನರಿಗೆ ಬೇಕು ಅನ್ನುವ ಎರಡು ಅಂಕಿಗಳೂ ಅದೇ ಪುಟದಲ್ಲಿವೆ. ಇರುವವರಿಗಿಂತ ಬೇಕೆನ್ನುವವರು ಜಾಸ್ತಿ ಇದ್ದರೆ ಅವಸರ ಮಾಡಬೇಡಿ. ಅಪರೂಪದ್ದಾದರೆ ಹಳೆಯ ಹರಾಜುಗಳ ಫಲಿತಾಂಶ ಕೂಡಿಡುವ ಪಾಪ್‌ಸೈಕ್ ತಾಣವನ್ನೂ ಒಮ್ಮೆ ನೋಡಿ.

ಹಳೆಯದು ಅಂದಮಾತ್ರಕ್ಕೆ ದುಬಾರಿ ಅಲ್ಲ. ಲಕ್ಷಗಟ್ಟಲೆ ಮಾರಾಟವಾದ ಜನಪ್ರಿಯ ಆಲ್ಬಂಗಳು ಎಲ್ಲರ ಮನೆಯಲ್ಲೂ ಇವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ದೊಡ್ಡ ಪೆಟ್ಟಿಗೆ ಸೆಟ್‌ಗಳು ನೋಡಲು ಭರ್ಜರಿ, ಬೆಲೆ ಮಾತ್ರ ಹೆಚ್ಚಾಗಿ ಕಡಿಮೆ. ಆಗ ಯಾರೂ ಕೊಳ್ಳದ, ಕಡಿಮೆ ಪ್ರತಿ ಅಚ್ಚಾದ, ಈಗ ಜನ ಹುಡುಕುವ ರೆಕಾರ್ಡ್‌ಗೆ ಬೆಲೆ. ಸುದ್ದಿಯಲ್ಲಿ ಬರುವ ಮೊತ್ತಗಳನ್ನು ನೋಡಿ ಆಸೆ ಕಟ್ಟಿಕೊಳ್ಳಬೇಡಿ. 1968ರ ಬೀಟಲ್ಸ್ ಬಿಳಿ ಕವರಿನ ಜೋಡಿ ಆಲ್ಬಂನ ಪ್ರತಿ 2015ರ ಹರಾಜಿನಲ್ಲಿ 7,90,000 ಡಾಲರ್‌ಗೆ ಹೋಯಿತು. ಅದರ ಮೇಲೆ 0000001 ಎಂಬ ನಂಬರ್ ಇತ್ತು, ಅದು ಅದೇ ತಂಡದ ರಿಂಗೋ ಸ್ಟಾರ್ ಅವರ ಸ್ವಂತ ಪ್ರತಿ. ಅದೇ ಆಲ್ಬಂನ ಲಕ್ಷಗಟ್ಟಲೆ ಪ್ರತಿಗಳ ಮೇಲೆ ನಂಬರ್ ಇದೆ.

ಹಾಗಂತ ಕೊಳ್ಳುವವರು ಇಲ್ಲ ಅಂತಲೂ ಅಲ್ಲ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಳಿಗಿಂತ ಜಾಸ್ತಿ ವಿನೈಲ್ ರೆಕಾರ್ಡ್‌ಗಳು ಮಾರಾಟವಾದವು. 1987ರ ನಂತರ ಹಾಗೆ ಆದದ್ದು ಅದೇ ಮೊದಲು. ರೆಕಾರ್ಡ್ ಹಾಡಿಸುವ ಟರ್ನ್‌ಟೇಬಲ್ ಹೊಸದಾಗಿ ಕೊಂಡ ಹುಡುಗ ಹುಡುಗಿಯರು ಹಳೆಯ ಪ್ರತಿಗಳನ್ನೂ ಹುಡುಕುತ್ತಾರೆ.

ಯಾರಿಗೆ ಮಾರುವುದು?

ಇಡೀ ಸಂಗ್ರಹವನ್ನು ಒಬ್ಬ ವ್ಯಾಪಾರಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ಒಂದೇ ದಿನದಲ್ಲಿ ಕಪಾಟು ಖಾಲಿ. ಆದರೆ ಅವರು ಮಾರುವ ಬೆಲೆಯ ಒಂದು ಪಾಲು ಮಾತ್ರ ನಿಮಗೆ ಸಿಗುತ್ತದೆ. ಅದರಲ್ಲಿ ಅನ್ಯಾಯ ಇಲ್ಲ. ಒರೆಸಬೇಕು, ಬಾಡಿಗೆ ಕಟ್ಟಬೇಕು, ವರ್ಷಗಟ್ಟಲೆ ಮಾರಾಟವಾಗದ್ದನ್ನು ಇಟ್ಟುಕೊಳ್ಳಬೇಕು. ಕನಿಷ್ಠ ಇಬ್ಬರು ಮೂವರನ್ನು ಕರೆಸಿ, ಬೇರೆ ಬೇರೆ ದಿನ. ನಿಮ್ಮ ಪಟ್ಟಿ ನಿಮ್ಮ ಕೈಯಲ್ಲಿರಲಿ. ಒಬ್ಬರು ಬಂದು ಚೆನ್ನಾಗಿರುವ 20 ಆರಿಸಿ, ಉಳಿದದ್ದು ಬೇಡ ಅಂದರೆ, ಆ 20ಕ್ಕೆ ಬಿಡಿ ಬೆಲೆ ಕೇಳಿ. ಇಡೀ ಸಂಗ್ರಹದ ಸರಾಸರಿ ಲೆಕ್ಕದಲ್ಲಿ ಕೊಡಬೇಡಿ. ಒಳ್ಳೆಯದು ಹೋದ ಮೇಲೆ ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ.

ಬಿಡಿಬಿಡಿಯಾಗಿ ಆನ್‌ಲೈನ್‌ನಲ್ಲಿ ಮಾರಿದರೆ ಹಣ ಜಾಸ್ತಿ, ಶ್ರಮವೂ ಜಾಸ್ತಿ. ಫೋಟೋ, ವಿವರಣೆ, ಪ್ರಶ್ನೆಗಳಿಗೆ ಉತ್ತರ, ಪ್ಯಾಕಿಂಗ್, ಕೊರಿಯರ್. ತಾಣದವರ ಶುಲ್ಕ ಕಳಿಸುವ ಖರ್ಚಿನ ಮೇಲೂ ಬೀಳುತ್ತದಾ ಅಂತ ನಿಯಮ ಓದಿ ನೋಡಿ. ನಕಲಿ ಅಚ್ಚು ಅಂತ ಗೊತ್ತಾದ ರೆಕಾರ್ಡ್‌ಗಳನ್ನು ಡಿಸ್ಕಾಗ್ಸ್‌ನಲ್ಲಿ ಮಾರುವಂತಿಲ್ಲ. ಇನ್ನೊಂದು ದಾರಿ, ಅಂಗಡಿಯವರ ಹತ್ತಿರ ಇಟ್ಟು, ಮಾರಾಟವಾದ ಮೇಲೆ ಪಾಲು ತೆಗೆದುಕೊಳ್ಳುವುದು. ಹಾಗೆ ಮಾಡಿದರೆ ಎಷ್ಟು ಪಾಲು, ಎಷ್ಟು ತಿಂಗಳು, ಕಳೆದರೆ ಯಾರ ಹೊಣೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ನಾನು ಮಾಡಿದ್ದು ಎರಡೂ ಬೆರೆಸಿ. ಬೆಲೆಯುಳ್ಳ 60ರಷ್ಟನ್ನು ಒಂದೊಂದಾಗಿ ಮಾರಿದೆ. ನಡುವಿನವನ್ನು ಒಬ್ಬರೇ ಗಾಯಕರದ್ದು, ಒಂದೇ ಬಗೆಯ ಸಂಗೀತದ್ದು ಅಂತ ಐದು, ಹತ್ತರ ಕಟ್ಟು ಮಾಡಿದೆ. ಉಳಿದದ್ದನ್ನು ವ್ಯಾಪಾರಿಗೆ ಕೊಟ್ಟೆ. ದೊಡ್ಡ ಸಂಗ್ರಹ ಇದ್ದವರಿಗೆ ನಾನು ಹೇಳುವುದು ಇದೇ ದಾರಿ. ಬೆಲೆಯಿಲ್ಲದ ಒಂದು ರೆಕಾರ್ಡ್‌ಗೆ ಫೋಟೋ ತೆಗೆದು ಪ್ಯಾಕ್ ಮಾಡುವಷ್ಟು ಹೊತ್ತು ಬೆಲೆಯುಳ್ಳದ್ದಕ್ಕೂ ಹಿಡಿಯುತ್ತದೆ.

ಜಾಹೀರಾತು ಹಾಕುವಾಗ ಕವರಿನ ಮುಂದೆ, ಹಿಂದೆ, ಎರಡೂ ಲೇಬಲ್, ಓರೆ ಬೆಳಕಿನಲ್ಲಿ ತಟ್ಟೆ, ಮ್ಯಾಟ್ರಿಕ್ಸ್ ನಂಬರ್ ಇಷ್ಟರ ಫೋಟೋ ಇರಲಿ. ಊನ ಇರುವ ಜಾಗವನ್ನು ಹತ್ತಿರದಿಂದ ತೆಗೆಯಿರಿ. "ಎರಡನೇ ಬದಿಯ ಮೊದಲ ಹಾಡಿನಲ್ಲಿ ಆರೇಳು ಸಲ ಟಿಕ್ ಸದ್ದು ಇದೆ, ಎಲ್ಲೂ ನಿಲ್ಲುವುದಿಲ್ಲ" ಅಂತ ಬರೆದರೆ ಕೊಳ್ಳುವವರಿಗೆ ಧೈರ್ಯ ಬರುತ್ತದೆ. ಹಾಡಿಸಿ ನೋಡಿಲ್ಲವಾದರೆ ಅದನ್ನೂ ಬರೆಯಿರಿ.

ಪ್ಯಾಕಿಂಗ್

ಇಷ್ಟೆಲ್ಲಾ ಮಾಡಿ ಕೊನೆಗೆ ದಾರಿಯಲ್ಲಿ ಹಾಳಾದರೆ ಹೇಗೆ, ಅಲ್ವಾ? ಮುಖ್ಯವಾದ ಮಾತು ಒಂದೇ. ತಟ್ಟೆಯನ್ನು ಕವರಿನ ಒಳಗೆ ಇಟ್ಟು ಕಳಿಸಬೇಡಿ. ಪಾರ್ಸೆಲ್ ಎಲ್ಲಾದರೂ ನೆಟ್ಟಗೆ ಬಿದ್ದರೆ ತಟ್ಟೆ ಒಳಗಿನಿಂದ ಗುದ್ದಿ ಕವರಿನ ಅಂಚನ್ನು ಸೀಳಿಬಿಡುತ್ತದೆ. 50 ವರ್ಷ ಹರಿಯದೆ ಉಳಿದ ಕವರ್ ಎರಡು ದಿನದ ಪ್ರಯಾಣದಲ್ಲಿ ಹರಿಯುತ್ತದೆ.

ಹೀಗೆ ಮಾಡಿ. ತಟ್ಟೆಯನ್ನು ಒಳಚೀಲದ ಸಮೇತ ಹೊರಗೆ ತೆಗೆಯಿರಿ. ಒಳಚೀಲ ಹರಿದಿದ್ದರೆ ಹೊಸ ಚೀಲದಲ್ಲಿ ಹಾಕಿ, ಹಳೆಯದನ್ನು ಕವರಿನಲ್ಲೇ ಬಿಡಿ. ತಟ್ಟೆಯನ್ನು ಖಾಲಿ ಕವರಿನ ಹಿಂದೆ ಇಟ್ಟು, ಎರಡನ್ನೂ ಸೇರಿಸಿ ಒಂದು ಪ್ಲಾಸ್ಟಿಕ್ ಹೊರಚೀಲಕ್ಕೆ ಹಾಕಿ. ಮಳೆ ನೀರಿಗೂ ಅದು ರಕ್ಷಣೆ. ಕವರಿಗಿಂತ ಸ್ವಲ್ಪ ದೊಡ್ಡದಾಗಿ ಎರಡು ರಟ್ಟು ಕತ್ತರಿಸಿ. ರಟ್ಟಿನೊಳಗೆ ಅಲೆಯಂಥ ಸಾಲುಗಳು ಇರುತ್ತವಲ್ಲ, ಒಂದು ರಟ್ಟಿನಲ್ಲಿ ಅವು ಉದ್ದಕ್ಕೂ ಇನ್ನೊಂದರಲ್ಲಿ ಅಡ್ಡಕ್ಕೂ ಬರುವ ಹಾಗೆ ಹಿಂದೆ ಮುಂದೆ ಇಡಿ. ಆಗ ಯಾವ ಕಡೆಯಿಂದಲೂ ಬಗ್ಗುವುದಿಲ್ಲ. ಆಮೇಲೆ ರೆಕಾರ್ಡ್ ಕಳಿಸಲೆಂದೇ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನಾದರೂ ಸರಿದಾಡಿದರೆ ಬಿಚ್ಚಿ ಮತ್ತೆ ಕಾಗದ ತುಂಬಿ. ಮೂಲೆಗಳಿಗೆ ಒಂದು ಸುತ್ತು ಜಾಸ್ತಿ ಟೇಪ್ ಹಾಕಿ, ಪಾರ್ಸೆಲ್ ಮೊದಲು ಪೆಟ್ಟು ತಿನ್ನುವುದು ಅಲ್ಲೇ.

78ರ ತಟ್ಟೆಗಳಿಗೆ ಇಷ್ಟು ಸಾಲದು. ಪ್ರತಿ ತಟ್ಟೆಯನ್ನೂ ರಟ್ಟುಗಳ ನಡುವೆ ಕಟ್ಟಿ, ಮೆತ್ತನೆ ಹಾಸಿದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಡಬೇಕು. ಸಾಧ್ಯವಾದರೆ ಕೈಯಿಂದ ಕೈಗೇ ಕೊಡಿ.

ಬೆಲೆಯುಳ್ಳದ್ದನ್ನು ಟ್ರ್ಯಾಕಿಂಗ್ ಮತ್ತು ವಿಮೆ ಇಲ್ಲದೆ ಕಳಿಸಬೇಡಿ. ಮುಚ್ಚುವ ಮುನ್ನ ಒಂದು ಫೋಟೋ ತೆಗೆದಿಡಿ. ಹಾಳಾಗಿ ತಲುಪಿದರೆ ಕೊರಿಯರ್‌ನವರ ಮುಂದೆ ತೋರಿಸಲು ಅದೇ ಆಧಾರ.

ಕೊನೆಗೆ ಉಳಿಯುವವು

ಯಾರಿಗೂ ಬೇಡವಾದ ಒಂದು ಪೆಟ್ಟಿಗೆ ಉಳಿದೇ ಉಳಿಯುತ್ತದೆ. ಅವನ್ನು ಕಸಕ್ಕೆ ಹಾಕುವ ಮೊದಲು, ಹಳೆಯ ಧ್ವನಿಮುದ್ರಣಗಳನ್ನು ಕಾಪಾಡುವ ಗ್ರಂಥಾಲಯ ಅಥವಾ ವಿಶ್ವವಿದ್ಯಾಲಯಕ್ಕೆ ಪಟ್ಟಿ ಕಳಿಸಿ ಕೇಳಿ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ 78ರ ತಟ್ಟೆಯಲ್ಲಿ ಬೇರೆಲ್ಲೂ ಉಳಿಯದ ದನಿ ಇರಬಹುದು. ಟರ್ನ್‌ಟೇಬಲ್ ಈಗಷ್ಟೇ ಕೊಂಡ ಪರಿಚಯದ ಹುಡುಗರಿದ್ದರೆ ಗೀರು ಬಿದ್ದ ಎಲ್‌ಪಿಗಳನ್ನು ಸುಮ್ನೆ ಕೊಟ್ಟುಬಿಡಿ. ಖಾಲಿ ಕವರುಗಳನ್ನೂ ಎಸೆಯಬೇಡಿ. ತಟ್ಟೆ ಚೆನ್ನಾಗಿದ್ದು ಕವರ್ ಹರಿದವರು ಅವನ್ನು ಕೊಳ್ಳುತ್ತಾರೆ. ನಮ್ಮ ಸಂಗ್ರಹದಲ್ಲಿ ಕೊನೆಯದಾಗಿ ಮಾರಾಟವಾದದ್ದು ಅಂಥ ಒಂದು ಖಾಲಿ ಕವರ್. ಕೊಂಡವರ ಹತ್ತಿರ ಅದರ ತಟ್ಟೆ ಹದಿನೈದು ವರ್ಷದಿಂದ ಬಿಳಿ ಕಾಗದದ ಚೀಲದಲ್ಲಿ ಕೂತಿತ್ತಂತೆ.